ಬದಲಿಯವಳ ಸನ್ಮಾನ

ಬೆಟ್ಟಗಳ ನಡುವೆ ಕಡಲು ಒಳನುಗ್ಗಿರುವ ನಮ್ಮ ಹೆಗ್‌ಫ್ಯೋರ್ಡಿನಲ್ಲಿ ಯಾರೂ ಯಾರನ್ನೂ ಏನನ್ನೂ ನೇರವಾಗಿ ಕೇಳುವುದಿಲ್ಲ. ಇದಕ್ಕೆ ಇಲ್ಲಿಯವರು ಮರ್ಯಾದೆ ಎನ್ನುತ್ತಾರೆ. ನನ್ನನ್ನು ಕೇಳಿದರೆ ಇದೊಂದು ಕಾಯಿಲೆ. ಆಚೆ ತೋಟದ ಹಿಲ್ಮರನಿಗೆ ಏಣಿ ಬೇಕಿದ್ದರೆ ಅವನು ನಮ್ಮ ಅಡುಗೆಮನೆಗೆ ಬಂದು ಕೂತು, ಲೋಟದ ಮೇಲೆ ಲೋಟ ಕಾಫಿ ಕುಡಿದು, ಈ ಸಲ ಕುರಿಗಳು ಬೆಟ್ಟದಿಂದ ಬೇಗ ಇಳಿದವೆಂದು ಹೇಳಿ, ಹೊರಡುವಾಗ ಬೂಟು ಹಾಕಿಕೊಳ್ಳುತ್ತಾ ಬಾಗಿಲ ಚಿಲಕದ ಜೊತೆ ಮಾತಾಡುವವನಂತೆ, "ನಿಮ್ಮನೇಲಿ ಏಣಿ ಏನಾದ್ರೂ ಇದ್ಯೋ ಏನೋ" ಅನ್ನುತ್ತಾನೆ. ಇದ್ಯೋ ಏನೋ! ನಾನು ಈ ಮನೆ ಕಟ್ಟಿದಂದಿನಿಂದ ಆ ಏಣಿ ಅವನ ಕಣ್ಣೆದುರೇ ಗೋಡೆಗೆ ಒರಗಿಕೊಂಡಿದೆ.

ಇಂಥ ಊರಿನಲ್ಲಿ ನನ್ನ ಹೆಂಡತಿ ರಾಗ್ನಾ ಬದಲಿಯವಳಾಗಿ ಬದುಕಿದವಳು. ಹಸು ಕಟ್ಟಿದವರಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಬೆಳಿಗ್ಗೆ ಹಾಲು ಕರೆಯಬೇಕು, ಸಂಜೆ ಕರೆಯಬೇಕು. ಮಗಳ ಮದುವೆಯಿರಲಿ, ಅಪ್ಪನ ಮಣ್ಣಿರಲಿ, ಹಲ್ಲುನೋವಿರಲಿ, ದಕ್ಷಿಣ ದೇಶದ ಬಿಸಿಲಿಗೆ ಹೋಗಿ ಒಂದು ವಾರ ಮೈ ಕಾಯಿಸಿಕೊಂಡು ಬರುವ ಆಸೆಯಿರಲಿ, ಯಜಮಾನರು ಹೊರಟರೆಂದರೆ ಅವರ ಕೊಟ್ಟಿಗೆಗೆ ಹೋಗಿ ನಿಲ್ಲುವವಳು ಬದಲಿಯವಳು. ಈ ದಡದಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಹಸುಗಳಿದ್ದವು. ಈಗ ಉಳಿದಿರುವುದು ಮೂರೇ ಕೊಟ್ಟಿಗೆ: ಹಿಲ್ಮರನದು, ತೋರಾಳದು, ಆಸ್ಲೆಯದು. ಮೂರಕ್ಕೂ ಸೇರಿ ಬದಲಿಯವಳು ಒಬ್ಬಳೇ.

ರಾಗ್ನಾ ಹುಟ್ಟಿದ್ದು ಫ್ಯೋರ್ಡಿನಲ್ಲಿ ಬೆಟ್ಟದ ನೆರಳು ಬೀಳುವ ದಡದಲ್ಲಿ. ಅಲ್ಲಿ ಚಳಿಗಾಲ ಮುಗಿದು ಎಲ್ಲರ ಅಂಗಳಕ್ಕೂ ಬಿಸಿಲು ಬಂದು ವಾರಗಳಾದ ಮೇಲೆ ಇವರ ಅಂಗಳಕ್ಕೆ ಬರುತ್ತದೆ. ಅಪ್ಪನಿಗಿದ್ದದ್ದು ನಾಲ್ಕು ಹಸು, ಒಂದು ಹುಟ್ಟು ಹಾಕುವ ದೋಣಿ. ಅಪ್ಪ ಸತ್ತ ಮೇಲೆ ಅಣ್ಣ ಹಸುಗಳನ್ನು ಮಾರಿ ಮೀನು ಹಿಡಿಯುವ ದೊಡ್ಡ ದೋಣಿಗೆ ಕೂಲಿ ಹೋದ. ಮನೆ ಬಿಡುವಾಗ ಅಳದವಳು ಹಸುಗಳನ್ನು ಲಾರಿಗೆ ಹತ್ತಿಸುವಾಗ ಅತ್ತಳಂತೆ. ಅದೇ ಶರತ್ಕಾಲದಲ್ಲಿ ಹಿಲ್ಮರನ ಅಪ್ಪ ಹುಲ್ಲಟ್ಟದಿಂದ ಬಿದ್ದು ಕಾಲು ಮುರಿದುಕೊಂಡ. ಅವನ ಹೆಂಡತಿ ಅಂಗಡಿಯಲ್ಲಿ ರಾಗ್ನಾಳನ್ನು ಕಂಡು, "ನಿಂಗೆ ಹಸು ಕಂಡ್ರೆ ಭಯ ಏನಿಲ್ಲ ಅಲ್ವಾ?" ಅಂದಳು. ಅಷ್ಟೇ. ಬಾ ಅನ್ನಲಿಲ್ಲ, ಸಹಾಯ ಮಾಡು ಅನ್ನಲಿಲ್ಲ. ಇವಳು ಆ ಸಂಜೆಯೇ ಹೋದಳು. ಒಂದು ಸಂಜೆಗೆಂದು ಹೋದವಳು ಆ ಚಳಿಗಾಲವೆಲ್ಲ ಅಲ್ಲೇ ಹಾಲು ಕರೆದಳು.

ನಮ್ಮ ಮದುವೆಯ ದಿನವೂ ಹಾಗೇ. ತೋರಾಳ ಕೊಟ್ಟಿಗೆಯಲ್ಲಿ ಕರು ಅಡ್ಡ ಬಂದಿತ್ತು. ನಾನು ಚರ್ಚಿನಲ್ಲಿ ಹೊಸ ಕೋಟು ಹಾಕಿಕೊಂಡು ಕಂಬದ ಹಾಗೆ ನಿಂತಿದ್ದೇನೆ, ಪಾದ್ರಿ ಕೆಮ್ಮುತ್ತಿದ್ದಾನೆ, ಮದುಮಗಳ ಸುಳಿವಿಲ್ಲ. ಕೊನೆಗೆ ಬಂದಳು. ಮೈಮೇಲೆ ಬಿಳಿ ಉಡುಪು, ಮೊಣಕೈವರೆಗೆ ತಿಕ್ಕಿ ತಿಕ್ಕಿ ಕೆಂಪಾದ ಕೈ, ಮುಖದ ತುಂಬಾ ನಗು. ಕಿವಿಯ ಹತ್ತಿರ ಬಂದು, "ಹೆಣ್ಣುಗರು ಕಣೋ!" ಅಂದಳು. ಸಿಟ್ಟು ಮಾಡಿಕೊಳ್ಳಬೇಕೆಂದು ನಿಂತಿದ್ದವನು ನಾನು, ಆಗಲಿಲ್ಲ. ಆ ದಿನ ಬಿಟ್ಟುಕೊಟ್ಟಿದ್ದಕ್ಕೇ ಇಷ್ಟು ವರ್ಷ ಅನುಭವಿಸುತ್ತಿದ್ದೇನೆ ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಕ್ರಿಸ್‌ಮಸ್ ಸಂಜೆ ಮಕ್ಕಳಿರುವ ಮನೆಯವರು ಮರಕ್ಕೆ ದೀಪ ಹಚ್ಚಬೇಕಲ್ಲ, ಆದ್ದರಿಂದ ಇವಳು ಕೊಟ್ಟಿಗೆಯಲ್ಲಿ. ನಾನು ಪಕ್ಕೆಲುಬಿನ ಮಾಂಸವನ್ನು ಒಲೆಯಲ್ಲಿಟ್ಟು ಕಾಯುತ್ತೇನೆ, ಅದು ಒಣಗಿ ಚಕ್ಕಳವಾಗುತ್ತದೆ. ಇವಳು ಬಂದು ಅದನ್ನೇ ತಿಂದು ಚೆನ್ನಾಗಿದೆ ಅನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

"ಒಂದ್ ಸಲ, ಒಂದೇ ಒಂದ್ ಸಲ 'ಆಗಲ್ಲ' ಅನ್ನೇ ಮಾರಾಯ್ತಿ. ನಾಲಿಗೆ ಏನ್ ಬಿದ್ದ್ ಹೋಗಲ್ಲ."

"ಪಾಪ, ಅವರಿಗೆ ಬೇರೆ ಯಾರಿದ್ದಾರೆ?"

"ನಿಂಗೆ ಯಾರಿದ್ದಾರೆ?"

"ನೀನಿದ್ದೀಯಲ್ಲ, ಬಯ್ಯೋಕೆ," ಅಂದು ಬೂಟಿನೊಳಗೆ ಕಾಲು ತೂರಿಸುತ್ತಾಳೆ.

ಇದೆಲ್ಲ ಹೋಗಲಿ. ಎರಡು ವರ್ಷದ ಹಿಂದೆ ಇವಳ ಬಲಭುಜ ಕೆಟ್ಟಿತು. ಹಾಲು ಕರೆಯುವ ಮೆಷಿನ್ನು ತೂಕದ್ದು. ಅದನ್ನು ಎತ್ತಿ ಹಸುವಿನಿಂದ ಹಸುವಿಗೆ ಸಾಗಿಸಿ, ಬಗ್ಗಿ, ಕೈ ಮೇಲೆತ್ತಿ ಸಿಕ್ಕಿಸಿ, ಮತ್ತೆ ಬಗ್ಗಿ, ಹೀಗೆ ಒಂದು ಆಯುಷ್ಯ. ಭುಜದೊಳಗಿನ ಸ್ನಾಯು ಹರಿದಿದೆ ಅಂದರು ಪಟ್ಟಣದ ಆಸ್ಪತ್ರೆಯಲ್ಲಿ. ಕೊಯ್ದು ಹೊಲಿಯಬೇಕು, ಆಮೇಲೆ ಅರ್ಧ ವರ್ಷ ಕೊಟ್ಟಿಗೆಯ ಕಡೆ ತಲೆ ಹಾಕಬಾರದು. ಮೊದಲ ದಿನಾಂಕ ಬಂತು; ಹಿಲ್ಮರನ ಮಗಳಿಗೆ ಚರ್ಚಿನಲ್ಲಿ ದೃಢೀಕರಣದ ಸಮಾರಂಭವೆಂದು ಮುಂದಕ್ಕೆ ಹಾಕಿದಳು. ಎರಡನೆಯದು ಬಂತು, ಆಸ್ಲೆಯ ಹೆಂಡತಿಗೆ ಹೆರಿಗೆಯೆಂದು ಮುಂದಕ್ಕೆ ಹಾಕಿದಳು. ಆಗ ಡಾಕ್ಟರು ನನ್ನೆದುರೇ ಹೇಳಿದರು: "ಇನ್ನೂ ಬಿಟ್ಟರೆ ಹೊಲಿಯೋಕೆ ಅಲ್ಲಿ ಏನೂ ಉಳಿದಿರಲ್ಲ. ಆಮೇಲೆ ತಲೆ ಬಾಚೋಕೂ ಬೇರೆಯವರ ಕೈ ಬೇಕಾಗುತ್ತೆ." ಮೂರನೆಯ ದಿನಾಂಕ ಈ ಅಕ್ಟೋಬರಿನ ಒಂದು ಸೋಮವಾರಕ್ಕೆ ಬಂತು.

ಊರಿಗೆ ಈ ವಿಷಯವೇ ಗೊತ್ತಿಲ್ಲ! ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. "ಅವರಿಗೆ ಗೊತ್ತಾದ್ರೆ ಸಂಕೋಚ ಪಟ್ಕೋತಾರೆ" ಅಂತೆ. ಸಂಕೋಚ ಪಟ್ಟುಕೊಳ್ಳಲಿ ಕಣೇ, ಅದಕ್ಕೇ ಅಲ್ಲವೇ ಹೇಳಬೇಕಾದದ್ದು! ಗೋಡೆಗೆ ಹೇಳಿದ ಹಾಗಾಯಿತು.

ಆ ಸೋಮವಾರಕ್ಕೆ ಎರಡು ವಾರ ಮುಂಚೆ ತೋರಾ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದಳು. ಗಂಡ ವರ್ಷದ ಮುಕ್ಕಾಲು ಪಾಲು ಮೀನುದೋಣಿಯ ಮೇಲಿರುವುದರಿಂದ ತೋಟ, ಹಸು, ಊರ ಪಂಚಾಯಿತಿಯ ಸದಸ್ಯತ್ವ, ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಹೆಂಗಸು. ಗಟ್ಟಿಗಿತ್ತಿ. ಆದರೆ ಗುಟ್ಟು ಹೇಳುವಾಗ ಚಿಕ್ಕ ಹುಡುಗಿಯಾಗುತ್ತಾಳೆ.

"ಎಡ್ವಿನ್, ಯಾರಿಗೂ ಹೇಳ್ಬಾರ್ದು. ರಾಗ್ನಾಗೆ ಒಂದು ಸನ್ಮಾನ ಮಾಡ್ತಿದ್ದೀವಿ. ಇಷ್ಟು ವರ್ಷ ಮಾಡಿದ್ದಾಳೆ, ಒಂದು ಥ್ಯಾಂಕ್ಸ್ ಅಂತ ಯಾರೂ ಅಂದಿಲ್ಲ. ಶನಿವಾರ ಸಂಜೆ ಆರಕ್ಕೆ, ಯುವಕರ ಮನೇಲಿ. ಅವಳಿಗೆ ಸುಳಿವೇ ಸಿಗಬಾರದು. ನೀನು ಹೇಗಾದ್ರೂ ಮಾಡಿ ಕರ್ಕೊಂಡ್ ಬಾ."

ಯಾವ ಶನಿವಾರ ಅಂತೀರಿ? ಸೋಮವಾರದ ಹಿಂದಿನ ಶನಿವಾರ. ನನ್ನ ನಾಲಿಗೆಯ ತುದಿಗೆ ಭುಜದ ಮಾತು ಬಂದೇಬಿಟ್ಟಿತ್ತು. ಆಣೆ ನೆನಪಾಯಿತು, ನುಂಗಿಕೊಂಡೆ. ಅಲ್ಲಿಂದ ಮುಂದೆ ನನ್ನ ಪಾಡು ಏನು ಹೇಳಲಿ! ಊರಿಗೆ ಹೆಂಡತಿಯ ಗುಟ್ಟು ಹೇಳುವಂತಿಲ್ಲ, ಹೆಂಡತಿಗೆ ಊರಿನ ಗುಟ್ಟು ಹೇಳುವಂತಿಲ್ಲ. ಒಂದು ಬಾಯಿಗೆ ಎರಡು ಬೀಗ. ಸುರಂಗ ಕೊರೆದು ಆಚೆ ದಡಕ್ಕೆ ವಾಹನ ದಾಟಿಸುವ ಫೆರಿ ನಿಲ್ಲಿಸುವವರೆಗೆ ನಾನು ಆ ಫೆರಿಯ ಮೇಲೆ ಕೆಲಸ ಮಾಡಿದವನು, ಕಾರಿನವರನ್ನೂ ಲಾರಿಯವರನ್ನೂ ಗದರಿಸಿ ಸಾಲು ನಿಲ್ಲಿಸಿದವನು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಆದರೂ ಒಂದು ಆಸೆಯಿತ್ತು. ಸನ್ಮಾನದ ದಿನ ಊರೆಲ್ಲ ಸೇರಿರುತ್ತದೆ, ಅಲ್ಲಿ ಅವಳ ಬಾಯಲ್ಲೇ ಸೋಮವಾರದ ವಿಷಯ ಹೊರಡಿಸಿದರೆ ಮತ್ತೆ ಮುಂದಕ್ಕೆ ಹಾಕಲಾರಳು ಅಂದುಕೊಂಡೆ.

ಸನ್ಮಾನದ ವಾರ ಫೋನಿನ ಮೇಲೆ ಫೋನು ಬಂತು. ರಾಗ್ನಾ ಫೋನನ್ನು ಹಿಡಿದುಕೊಂಡು ಯಾವಾಗಲೂ ಹೊರಬಾಗಿಲ ಹತ್ತಿರ ಹೋಗುತ್ತಾಳೆ, ನಾನು ನಡುವೆ ಬಾಯಿ ಹಾಕುತ್ತೇನೆಂದು. ನನಗೆ ಕೇಳಿಸಿದ್ದು ಹಿಲ್ಮರನ ಫೋನು ಮಾತ್ರ, ಫೋನಿನಲ್ಲಿ ಅವನ ಗಂಟಲು ದೊಡ್ಡದು. ಮೊದಲು ಹಿಮದ ಮಾತು, ಆಮೇಲೆ ಆಲೂಗಡ್ಡೆಯ ಮಾತು, ಇಡುವ ಮುಂಚೆ "ಶನಿವಾರ ಸಂಜೆ ನಿಂಗೇನಾದ್ರೂ ಕೆಲಸ ಇದ್ಯೋ ಏನೋ". ಇವಳು "ಇಲ್ಲಪ್ಪ, ಬರ್ತೀನಿ" ಅಂದಳು. ನಾನು ತಲೆ ಚಚ್ಚಿಕೊಂಡೆ. ಅಲ್ಲ, ಸನ್ಮಾನಕ್ಕೆ ಬರಬೇಕಾದವಳನ್ನೇ ಕೊಟ್ಟಿಗೆಗೆ ಕರೆಯುತ್ತಾನಲ್ಲ ಈ ಹಿಲ್ಮರ! ಆಮೇಲೆ ಸಮಾಧಾನ ಮಾಡಿಕೊಂಡೆ. ಬೇಗ ಶುರು ಮಾಡಿದರೆ ಐದಕ್ಕೆ ಮುಗಿಯುತ್ತದೆ, ಆರಕ್ಕೆ ಕರೆದುಕೊಂಡು ಹೋಗಬಹುದು. ಗುರುವಾರ ಇನ್ನೊಂದು ಮಾತು ಕಿವಿಗೆ ಬಿತ್ತು.

"ತೋರಾಗೆ ಸೋಮವಾರ ಪಂಚಾಯಿತಿ ಮೀಟಿಂಗಂತೆ," ಅಂದಳು ರಾಗ್ನಾ, ಒಲೆಯ ಕಡೆ ನೋಡುತ್ತಾ.

"ಅದಕ್ಕೆ?"

"ಏನಿಲ್ಲ. ನೋಡೋಣ ಅಂದೆ."

"ನೋಡೋಣ ಅಂದ್ಯಾ? ಸೋಮವಾರ ನಿನ್ನ ಭುಜ ಕೊಯ್ತಾರೆ ಕಣೇ! ನೋಡೋದೇನಿದೆ ಅದ್ರಲ್ಲಿ?"

"ಕೂಗ್ಬೇಡ. ಆಸ್ಪತ್ರೆ ಎಲ್ಲೂ ಓಡಿ ಹೋಗಲ್ಲ."

ರಾಗ್ನಾ 'ನೋಡೋಣ' ಅಂದರೆ 'ಆಗಲಿ' ಎಂದೇ ಅರ್ಥ. ಇಷ್ಟು ವರ್ಷ ಜೊತೆಗಿದ್ದ ನನಗೆ ಅದು ಗೊತ್ತಿಲ್ಲವೇ? ಆ ಹೊತ್ತಿನಲ್ಲಿ ನನಗೆ ಅಳುವೇ ಬಂತು. ಸಿಟ್ಟಿನಿಂದಲೋ ದುಃಖದಿಂದಲೋ ಹೇಳಲಾರೆ. ಹೊರಗೆ ಹೋಗಿ ಸುಮ್ಮನೆ ಸೌದೆ ಒಡೆದೆ.

ಶನಿವಾರ ಅವಳು ಮಧ್ಯಾಹ್ನವೇ ಕಾರು ತೆಗೆದುಕೊಂಡು ಹೊರಟಳು. ಐದಾಯಿತು, ಐದೂವರೆಯಾಯಿತು, ಬರಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಕೊಟ್ಟಿಗೆಯಲ್ಲಿರುವಾಗ ಅವಳ ಫೋನು ಕಾರಿನಲ್ಲೇ ಬಿದ್ದಿರುತ್ತದೆ. ನಾನು ಹಳೆಯ ಪಿಕಪ್ ಹತ್ತಿ ಹಿಲ್ಮರನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ದೀಪವಿಲ್ಲ, ಹಸುಗಳು ಮೆಲುಕು ಹಾಕುತ್ತಾ ಮಲಗಿವೆ, ಅವಳ ಕಾರಿಲ್ಲ. ಯಾರೋ ಮೊದಲೇ ಕರೆದುಕೊಂಡು ಹೋಗಿರಬೇಕು ಅಂದುಕೊಂಡು ನೇರ ಯುವಕರ ಮನೆಗೆ ಬಂದೆ.

ಊರಿನ ಸಭೆ ಸಮಾರಂಭಗಳೆಲ್ಲ ನಡೆಯುವುದು ಇಲ್ಲೇ; ಹೆಸರು ಯುವಕರ ಮನೆ, ಒಳಗೆ ನೋಡಿದರೆ ಬರೀ ಬಿಳಿತಲೆ. ಮೇಜುಗಳ ಮೇಲೆ ಬಿಳಿ ಬಟ್ಟೆ, ಮೇಣದ ಬತ್ತಿ, ಕೆನೆ ಕೇಕುಗಳ ಸಾಲು, ಬೆಣ್ಣೆ ಸಕ್ಕರೆ ಸವರಿ ಮಡಿಸಿದ ಲೆಫ್ಸೆ ರೊಟ್ಟಿ, ಕಂದು ಚೀಸು, ದೊಡ್ಡ ಪಾತ್ರೆಯಲ್ಲಿ ಕುದಿಯುವ ಮಾಂಸದ ಸಾರು. ನಾನು ಬಾಗಿಲು ತೆಗೆದ ಕೂಡಲೇ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹಿಂದೆ ಯಾರೂ ಇಲ್ಲದ್ದು ಕಂಡು ಚಪ್ಪಾಳೆ ಒಂದೊಂದಾಗಿ ನಿಂತಿತು.

"ಎಲ್ಲಿ ರಾಗ್ನಾ?" ಅಂದಳು ತೋರಾ.

"ಇಲ್ಲಿಲ್ವಾ?"

"ನಮ್ಮನೇದು ಮೂರಕ್ಕೇ ಮುಗೀತು," ಅಂದ ಹಿಲ್ಮರ, ಗಡ್ಡ ಕೆರೆದುಕೊಳ್ಳುತ್ತಾ. "ನಾನೇ ಕೇಳ್ದೆ, ಶನಿವಾರ ಬಿಡುವಿದ್ಯೋ ಏನೋ ಅಂತ. ನಾನು ಬೆಂಚು ಎಲ್ಲ ಜೋಡಿಸ್ಬೇಕಿತ್ತಲ್ಲ."

ತೋರಾಳ ಮುಖ ಕೆಂಪೇರಿತು. "ನಾನೂ ಕೇಳಿದ್ದೆ," ಅಂದಳು. "ನಮ್ಮನೇದು ಒಂದೇ ಅಲ್ವಾ, ಮಾಡ್ಕೊಂಡ್ ಬರ್ತಾಳೆ ಅಂದ್ಕೊಂಡೆ. ಸಾರು ಕಾಯಿಸೋರು ಯಾರು ಮತ್ತೆ?"

ಎಲ್ಲರ ತಲೆಯೂ ಆಸ್ಲೆಯ ಕಡೆ ತಿರುಗಿತು. ಅವನು ಮಡಿಲಲ್ಲಿದ್ದ ಕೂಸನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದು ನಿಂತ. "ನಾನೂ," ಅಂದ. "ನೀವಿಬ್ರೂ ಏನೋ ವ್ಯವಸ್ಥೆ ಮಾಡ್ಕೊಂಡಿರ್ತೀರಿ ಅಂತ... ಕೇಳೋಕೆ ಒಂಥರಾ ಆಯ್ತು."

ಕೇಳೋಕೆ ಒಂಥರಾ ಆಯ್ತಂತೆ! ಇಡೀ ಊರು ಅವಳಿಗೆ ಸನ್ಮಾನ ಮಾಡುವುದಕ್ಕಾಗಿ ಅವಳಿಂದಲೇ ಮೂರು ಕೊಟ್ಟಿಗೆಯ ಹಾಲು ಕರೆಸಿಕೊಂಡು ಕೂತಿದೆ. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಇನ್ನು ಆಮೇಲಿನದ್ದು ಕೇಳಿ. ಹಿಲ್ಮರ ಮೆಲ್ಲಗೆ, "ಕಾಫಿ ಆರುತ್ತೆ, ಅಲ್ಲೀವರ್ಗೂ ಒಂದೊಂದು ಲೋಟ ಕುಡಿಯೋಣ್ವಾ" ಅಂದ.

ನನ್ನ ತಲೆ ಕೆಟ್ಟುಹೋಯಿತು.

"ಕುಡೀರಿ! ಚೆನ್ನಾಗಿ ಕುಡೀರಿ! ಕೇಕೂ ತಿನ್ನಿ! ಅವಳಿಗೆ ಬಲಗೈ ಮೇಲೆತ್ತೋಕೆ ಬರಲ್ಲ, ಗೊತ್ತಾ ನಿಮಗೆ? ಎರಡು ವರ್ಷದಿಂದ ಭುಜ ಹರ್ಕೊಂಡು ನಿಮ್ಮ ಹಸು ಕರೀತಿದ್ದಾಳೆ. ಸೋಮವಾರ ಆಪರೇಷನ್ನು. ಎರಡು ಸಲ ಮುಂದಕ್ಕೆ ಹಾಕಿದ್ದಾಳೆ, ನಿನ್ನ ಮಗಳಿಗೋಸ್ಕರ, ಹಿಲ್ಮರ್. ನಿನ್ನ ಈ ಕೂಸಿಗೋಸ್ಕರ, ಆಸ್ಲೆ. ಈಗ ಮೂರನೇ ಸಲಾನೂ ಹಾಕ್ತಾಳೆ, ತೋರಾ, ನಿನ್ನ ಮೀಟಿಂಗಿಗೆ. ಆಮೇಲೆ ಆ ಕೈ ಮುಗೀತು. ಹೇಳ್ಬೇಡ ಅಂದಿದ್ಳು, ಹೇಳ್ದೆ. ಏನ್ ಮಾಡ್ಕೋತಾಳೋ ಮಾಡ್ಕೊಳ್ಳಲಿ!"

ನಮ್ಮವರು ತಪ್ಪಾಯ್ತು ಅನ್ನುವವರಲ್ಲ. ತೋರಾ ಏಪ್ರನ್ ಬಿಚ್ಚಿ ಕುರ್ಚಿಯ ಮೇಲಿಟ್ಟಳು. ಮೂಲೆಯಲ್ಲಿ ಕೆಂಪು ಕಾಗದ ಸುತ್ತಿಟ್ಟಿದ್ದ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು, "ನಮ್ಮನೇದು ಮುಗಿಸಿ ಈಗ ಆಸ್ಲೆ ಮನೇಲಿರ್ತಾಳೆ, ನಡೀರಿ" ಅಂದಳು. ಆಸ್ಲೆ, ಹಿಲ್ಮರ ಹಿಂದೆಯೇ ಬಂದರು.

ಆಸ್ಲೆಯ ಕೊಟ್ಟಿಗೆಯಲ್ಲಿ ಅವಳಿದ್ದಳು. ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡು, ಎಡಗೈಯೊಂದರಲ್ಲೇ ಮೆಷಿನ್ನು ಎಳೆಯುತ್ತಿದ್ದಳು. ಕೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಒಂದು ಸಾಲು ಮುಗಿದಿತ್ತು, ಇನ್ನೊಂದು ಸಾಲು ಬಾಕಿಯಿತ್ತು. ಹಬ್ಬದ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತ ನಾಲ್ಕು ಜನರನ್ನು ಕಂಡು ಅವಳ ಮುಖ ಬಿಳುಚಿತು.

"ಯಾಕೆ? ಯಾರಿಗೇನಾಯ್ತು? ಯಾವ ಹಸು?"

"ಯಾರಿಗೂ ಏನೂ ಆಗಿಲ್ಲ," ಅಂದಳು ತೋರಾ. ಪಂಚಾಯಿತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಹೆಂಗಸು ಪೊಟ್ಟಣವನ್ನು ಮುಂದೆ ಚಾಚಿ, "ಇದು ನಿಂಗೆ. ಎಲ್ಲರ ಕಡೆಯಿಂದ" ಅಂದು ನಿಲ್ಲಿಸಿದಳು.

ರಾಗ್ನಾ ಎಡಗೈಯಲ್ಲೇ ಕಾಗದ ಹರಿದಳು. ಒಳಗೆ ಕೊಟ್ಟಿಗೆಗೆ ಹಾಕಿಕೊಳ್ಳುವ ಹೊಸ ಉಡುಪು, ನೀಲಿಯದು, ಮೇಲಂಗಿ ಚಲ್ಲಣ ಒಂದೇ ಆಗಿ ಹೊಲಿದದ್ದು. ಎದೆಯ ಮೇಲೆ ಕೆಂಪು ನೂಲಿನಲ್ಲಿ ದುಂಡಗೆ ಅವಳ ಹೆಸರು. ಜೀವಮಾನವಿಡೀ ದುಡಿದವಳಿಗೆ ಇನ್ನಷ್ಟು ದುಡಿ ಅಂತ ಕೊಟ್ಟ ಉಡುಗೊರೆ ಇದು! ಅದನ್ನು ಕಿತ್ತು ಸಗಣಿಗೆ ಎಸೆಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವಳ ಮುಖ ಕಂಡೆ. ಹೆಸರಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು, ಕಣ್ಣು ತುಂಬಿತ್ತು.

"ನೋಡೋ ಎಡ್ವಿನ್," ಅಂದಳು, "ನನ್ ಹೆಸರು."

"ಹಾಕ್ಕೊಂಡ್ ನೋಡು ರಾಗ್ನಕ್ಕ," ಅಂದ ಆಸ್ಲೆ, ಬೇರೇನು ಹೇಳಬೇಕೆಂದು ತೋಚದೆ.

ಅವಳು ಹಳೆಯದನ್ನು ಭುಜದಿಂದ ಜಾರಿಸಿ, ಹೊಸದರಲ್ಲಿ ಕಾಲು ತೂರಿಸಿ, ಎಡಗೈ ಹಾಕಿದಳು. ಹಿಲ್ಮರ ಹಿಂದೆ ಹೋಗಿ ಉಡುಪಿನ ಬಲತೋಳನ್ನು ಅಗಲಿಸಿ ಹಿಡಿದ. ಅವಳು ಕೈಯನ್ನು ಹಿಂದಕ್ಕೆ ಎತ್ತಲು ನೋಡಿದಳು, ಏಳಲಿಲ್ಲ. ಇನ್ನೊಂದು ಸಲ ನೋಡಿದಳು. ಹಿಲ್ಮರ ತೋಳನ್ನು ಇನ್ನಷ್ಟು ಕೆಳಗಿಳಿಸಿದ. ಅವಳು ಹಲ್ಲು ಕಚ್ಚಿ ತೂರಿಸಹೋದಳು, ಒಂದು ಸದ್ದು ಬಂತು ಬಾಯಿಂದ. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಸದ್ದನ್ನು ನಾನು ಕೇಳಿರಲಿಲ್ಲ. ಹಿಲ್ಮರ ತೋಳು ಬಿಟ್ಟು ಹಿಂದೆ ಸರಿದ. ಖಾಲಿ ತೋಳು ಅವಳ ಬೆನ್ನ ಮೇಲೆ ಜೋತುಬಿತ್ತು.

ರಾಗ್ನಾ ತನ್ನ ಬಲಗೈಯನ್ನೇ ನೋಡಿಕೊಂಡು ಹಾಲಿನ ಕ್ಯಾನಿನ ಮೇಲೆ ಕೂತಳು. ನಾನು ಹತ್ತಿರ ಹೋಗಲಿಲ್ಲ. ಬಯ್ಯುವುದಕ್ಕೂ ಆಗಲಿಲ್ಲ.

ತೋರಾ ಅವಳ ಹತ್ತಿರ ಬಂದು ನಿಂತಳು. ಪಾಪ, ಏನಾದರೂ ಒಳ್ಳೆಯದನ್ನೇ ಹೇಳಬೇಕೆಂದಿದ್ದಳೋ ಏನೋ. ಬಾಯಿಂದ ಬಂದದ್ದು ಮಾತ್ರ ಹಳೆಯ ಅಭ್ಯಾಸ. "ಹಾಗಾದ್ರೆ... ಸೋಮವಾರ ಹೇಗೋ ಏನೋ..."

ರಾಗ್ನಾ ತಲೆಯೆತ್ತಿದಳು.

"ಸೋಮವಾರ ನಾನಿರಲ್ಲ, ತೋರಾ," ಅಂದಳು. "ಅರ್ಧ ವರ್ಷ ಇರಲ್ಲ. ಆಮೇಲೂ ಹೇಳೋಕಾಗಲ್ಲ."

ಎದ್ದು, ಎಡಗೈಯಿಂದ ಮೆಷಿನ್ನನ್ನು ಎತ್ತಿ ತೋರಾಳ ಹಬ್ಬದ ಬಟ್ಟೆಗೇ ಒತ್ತಿ ಹಿಡಿದಳು.

"ಹಿಡ್ಕೋ. ಈ ಹಸು ಒದೆಯುತ್ತೆ, ಸ್ವಲ್ಪ ಹುಷಾರು."